ಸರ್ವರ್ ಯಾರ ಮನೆಯಲ್ಲಿದೆ?

‘ಬಿಟ್ಟಿ’ ಎಂಬ ಪದವನ್ನು ನಾವು ಇವತ್ತು ಕಾಸು ಕೊಡದೆ ಸಿಕ್ಕಿದ್ದಕ್ಕೆಲ್ಲ ಬಳಸುತ್ತೇವೆ. ಬಿಟ್ಟಿ ಊಟ, ಬಿಟ್ಟಿ ಟಿಕೆಟ್, ಬಿಟ್ಟಿ ವೈಫೈ. ಆದರೆ ಅದರ ಹಳೆಯ ಅರ್ಥ ‘ಬಿಟ್ಟಿ ಚಾಕರಿ’ಯಲ್ಲಿ ಇನ್ನೂ ಉಳಿದುಕೊಂಡಿದೆ: ಕೂಲಿ ಕೊಡದೆ ಮಾಡಿಸಿಕೊಂಡ ಕೆಲಸ. ಸಂಸ್ಕೃತದ ‘ವಿಷ್ಟಿ’ ಸವೆದು ನಮ್ಮ ಬಾಯಲ್ಲಿ ಬಿಟ್ಟಿಯಾಯಿತು. ಪಡೆದವನ ಕಡೆಯಿಂದ ನೋಡಿದರೆ ಲಾಭ, ಕೊಟ್ಟವನ ಕಡೆಯಿಂದ ನೋಡಿದರೆ ಬೆವರು. ಎರಡಕ್ಕೂ ಒಂದೇ ಪದ ಸಾಕು ಎಂದು ಭಾಷೆ ತೀರ್ಮಾನಿಸಿಬಿಟ್ಟಿದೆ. ಆನ್‌ಲೈನ್ ಕಾರ್ ರೇಸಿಂಗ್ ಲೋಕದಲ್ಲಿ ಬಹಳ ವರ್ಷಗಳಿಂದ ನಡೆಯುತ್ತಿರುವ ಒಂದು ಜಗಳಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಜಗಳ ಇಷ್ಟು: ರೇಸ್ ನಡೆಯುವ ಸರ್ವರನ್ನು ಆಟಗಾರರಲ್ಲೇ ಒಬ್ಬ ತನ್ನ ಮನೆಯ ಕಂಪ್ಯೂಟರಿನಲ್ಲಿ ಉಚಿತವಾಗಿ ನಡೆಸಿದರೆ ಸಾಕೋ, ಇಲ್ಲ ಎಲ್ಲರೂ ಹಣ ಹಾಕಿ ಯಾವುದೋ ಡೇಟಾ ಸೆಂಟರಿನಲ್ಲಿ ಅದಕ್ಕೆಂದೇ ಒಂದನ್ನು ಬಾಡಿಗೆಗೆ ಹಿಡಿಯಬೇಕೋ?

ಕೇಳಿದ ಕೂಡಲೇ ಇದು ನೆಟ್‌ವರ್ಕ್ ಎಂಜಿನಿಯರುಗಳ ಪ್ರಶ್ನೆ ಅನ್ನಿಸುತ್ತದೆ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕಳೆದ ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ವಾದ ಬಿಸಿಯೇರಿದಾಗ ಯಾರೂ ಬ್ಯಾಂಡ್‌ವಿಡ್ತ್ ಬಗ್ಗೆ ಮಾತಾಡುವುದಿಲ್ಲ. ಋಣ, ಸಲಿಗೆ, ಹಕ್ಕು, ಪಕ್ಷಪಾತ ಎಂಬ ಮಾತುಗಳೇ ಬರುತ್ತವೆ.

ಸಿಮ್ ರೇಸಿಂಗ್ ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರ. ಇದು ಮೊಬೈಲಿನ ಮೇಲೆ ಬೆರಳಾಡಿಸುವ ಆಟವಲ್ಲ. ಮೇಜಿಗೆ ಬಿಗಿದ ಸ್ಟೀರಿಂಗ್ ಇರುತ್ತದೆ, ಕಾಲಡಿ ಪೆಡಲ್ ಇರುತ್ತದೆ. ಟೈರಿನ ಬಿಸಿ, ಇಂಧನದ ತೂಕ, ಬ್ರೇಕಿನ ಹಂಚಿಕೆ ಎಲ್ಲವನ್ನೂ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಇಟಲಿಯ ಕುನೋಸ್ ಸಿಮುಲಾಜಿಯೋನಿಯವರ ಅಸೆಟೊ ಕೊರ್ಸಾ, ಅಮೆರಿಕದ ಐರೇಸಿಂಗ್, ಬ್ರೆಜಿಲಿನ ರೈಜಾ ಸ್ಟುಡಿಯೋಸ್‌ನ ಆಟೊಮೊಬಿಲಿಸ್ತಾ ಈ ಜಾತಿಯವು. ಇಪ್ಪತ್ತು ಜನ ಇಪ್ಪತ್ತು ಊರಲ್ಲಿ ಕೂತು ಮೊಂಜಾದಲ್ಲಿ ರೇಸ್ ಮಾಡುವಾಗ ಪ್ರತಿಯೊಬ್ಬರ ಕಾರೂ ಅವರವರ ಕಂಪ್ಯೂಟರಿನಲ್ಲೇ ಓಡುತ್ತಿರುತ್ತದೆ. ಅದು ಎಲ್ಲಿದೆ, ಎಷ್ಟು ವೇಗದಲ್ಲಿದೆ, ಯಾವ ದಿಕ್ಕಿಗೆ ತಿರುಗಿದೆ ಎಂಬ ಸುದ್ದಿ ಸೆಕೆಂಡಿಗೆ ಹತ್ತಾರು ಸಲ ಸರ್ವರಿಗೆ ಹೋಗುತ್ತದೆ. ಸರ್ವರ್ ಆ ಸುದ್ದಿಯನ್ನು ಉಳಿದವರಿಗೆ ಹಂಚುತ್ತದೆ. 20 ಜನರ ಸುದ್ದಿ ತಲಾ 19 ಮಂದಿಗೆ ಅಂದರೆ ಒಂದು ಸುತ್ತಿಗೆ 380 ಓಲೆ. ಅಂಚೆಯಣ್ಣ ಸೋತರೆ ರೇಸೇ ಸೋತಂತೆ.

ಗಂಟೆಗೆ 216 ಕಿಲೋಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿಗೆ 60 ಮೀಟರ್ ಸಾಗುತ್ತದೆ. ಸುದ್ದಿ ನೂರು ಮಿಲಿಸೆಕೆಂಡ್ ತಡವಾದರೆ ಆರು ಮೀಟರ್ ವ್ಯತ್ಯಾಸ, ಅಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ಈ ಅಂತರವನ್ನು ನಮ್ಮ ಕಂಪ್ಯೂಟರ್ ಊಹೆಯಿಂದ ತುಂಬುತ್ತದೆ. ಆದ್ದರಿಂದ ನನ್ನ ಪಕ್ಕದಲ್ಲಿ ಕಾಣುವ ನಿಮ್ಮ ಕಾರು ನಿಮ್ಮ ಕಾರಲ್ಲ, ಅದರ ಬಗ್ಗೆ ನನ್ನ ಯಂತ್ರ ಮಾಡಿದ ಒಂದು ಅಂದಾಜು. ನನ್ನ ಪರದೆಯಲ್ಲಿ ನೀವು ನನಗೆ ಗುದ್ದಿದಿರಿ. ನಿಮ್ಮ ಪರದೆಯಲ್ಲಿ ನೀವು ಒಂದು ಮೀಟರ್ ಜಾಗ ಬಿಟ್ಟಿದ್ದಿರಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದೇವೆ. ಇಂಥ ಕಡೆ ನಡುವೆ ನಿಂತವನು ಯಾರು ಎಂಬುದು ದೊಡ್ಡ ವಿಷಯವಾಗುತ್ತದೆ.

ನಡುವೆ ನಿಂತವನು ಆಟಗಾರನೇ ಆಗಿದ್ದರೆ? ಅವನ ಕಂಪ್ಯೂಟರ್ ಎಲ್ಲರಿಂದಲೂ ಒಂದೇ ಹೆಜ್ಜೆ ದೂರ. ಉಳಿದವರ ಸುದ್ದಿ ಪರಸ್ಪರ ತಲುಪಲು ಎರಡು ಹೆಜ್ಜೆ: ಮೊದಲು ಅವನ ಮನೆಗೆ, ಅಲ್ಲಿಂದ ಇನ್ನೊಬ್ಬನ ಮನೆಗೆ. ಅವನು ನೋಡುವ ಜಗತ್ತು ನಾವು ನೋಡುವುದಕ್ಕಿಂತ ಸ್ವಲ್ಪ ತಾಜಾ. ಜೊತೆಗೆ ರೇಸ್ ಶುರು ಮಾಡುವ ಗುಂಡಿ, ನಿಲ್ಲಿಸುವ ಗುಂಡಿ, ಯಾರನ್ನಾದರೂ ಹೊರಗೆ ಹಾಕುವ ಗುಂಡಿ ಅವನ ಕೈಯಲ್ಲಿ. ಬೀದಿ ಕ್ರಿಕೆಟ್ ಆಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಬ್ಯಾಟ್ ತಂದವನೇ ಔಟಾದಾಗ ಆ ಔಟು ಯಾವಾಗಲೂ ಚರ್ಚಾರ್ಹ.

ಈ ಆಟಗಳ ಇತಿಹಾಸದಲ್ಲಿ ಎರಡೂ ದಾರಿಗಳನ್ನು ಹಾಕಿದವರಲ್ಲಿ ಒಬ್ಬರೇ ಮನುಷ್ಯ ಇದ್ದಾರೆ ಎಂಬುದು ನನಗೆ ಬಹಳ ಕುತೂಹಲದ ಸಂಗತಿ. ಡೇವಿಡ್ ಕೇಮರ್ ಅಮೆರಿಕದ ಪ್ಯಾಪಿರಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. 1967ರ ರೇಸಿಂಗ್ ಋತುವನ್ನು ಮರುಸೃಷ್ಟಿಸಿದ ಗ್ರ್ಯಾನ್ ಪ್ರೀ ಲೆಜೆಂಡ್ಸ್ 1998ರಲ್ಲಿ, ನ್ಯಾಸ್‌ಕಾರ್ ರೇಸಿಂಗ್ 2003 ಸೀಸನ್ ಅದರ ಹೆಸರಿನ ವರ್ಷದಲ್ಲೇ ಅಲ್ಲಿಂದ ಬಂದವು. ಎರಡರಲ್ಲೂ ಆಟಗಾರರೇ ಆತಿಥೇಯರು. ಯಾರೋ ಒಬ್ಬ ಸರ್ವರ್ ತೆರೆಯುತ್ತಿದ್ದ, ಉಳಿದವರು ಬಂದು ಸೇರುತ್ತಿದ್ದರು. 2004ರಲ್ಲಿ ಪ್ಯಾಪಿರಸ್ ಮುಚ್ಚಿತು. ಆಟಗಳು ಮುಚ್ಚಲಿಲ್ಲ. ಸರ್ವರಿನ ಸಾಮಾನು ಜನರ ಮನೆಯಲ್ಲೇ ಇತ್ತಲ್ಲ, ಅಭಿಮಾನಿಗಳು ವರ್ಷಗಟ್ಟಲೆ ಲೀಗ್ ನಡೆಸಿಕೊಂಡು ಹೋದರು. ಅದೇ ಕೇಮರ್ ಆಮೇಲೆ ಜಾನ್ ಹೆನ್ರಿ ಜೊತೆ ಸೇರಿ ಕಟ್ಟಿದ ಐರೇಸಿಂಗ್ 2008ರಲ್ಲಿ ಶುರುವಾದಾಗ ಪೂರ್ತಿ ಉಲ್ಟಾ ಹೊಡೆದಿತ್ತು. ಎಲ್ಲ ರೇಸೂ ಕಂಪನಿಯ ಸರ್ವರಿನಲ್ಲೇ. ಚಂದಾ ಕೊಡಬೇಕು, ಕಾರು ಮತ್ತು ಟ್ರ್ಯಾಕ್ ಬೇರೆ ಕೊಳ್ಳಬೇಕು, ನಿಮ್ಮದೇ ರೇಸ್ ನಡೆಸಬೇಕೆಂದರೆ ಗಂಟೆ ಲೆಕ್ಕದ ಬಾಡಿಗೆ. ಬದಲಿಗೆ ಸಿಕ್ಕಿದ್ದು ಶಿಸ್ತು. ಯಾರ ಮನೆಯ ಕರೆಂಟೂ ರೇಸನ್ನು ನಿಲ್ಲಿಸುವಂತಿಲ್ಲ, ಆತಿಥೇಯನೆಂಬ ವಿಶೇಷ ಆಟಗಾರ ಇಲ್ಲ.

ಭಾರತದಲ್ಲಿ ಕೂತು ಆಡುವವರಿಗೆ ಇನ್ನೊಂದು ತೊಡಕಿತ್ತು, ಭೂಗೋಳದ್ದು. ಮುಂಬೈಯಿಂದ ಫ್ರಾಂಕ್‌ಫರ್ಟ್ ಸುಮಾರು 6500 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ ನೇರ ಗೆರೆಯಲ್ಲಿ ಹಾಸಿದೆ ಎಂದುಕೊಂಡರೂ ಹೋಗಿ ಬರಲು 65 ಮಿಲಿಸೆಕೆಂಡ್. ಸಮುದ್ರದ ತಳದಲ್ಲಿ ಸುತ್ತಿ ಬಳಸಿ ಬರುವಾಗ ನೂರು ದಾಟುತ್ತದೆ. ಇದನ್ನು ಯಾವ ಮ್ಯಾನೇಜರೂ ಎಸ್ಕಲೇಟ್ ಮಾಡಿ ಕಡಿಮೆ ಮಾಡಿಸಲಾರ. 2015-16ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ತಮ್ಮ ಕ್ಲೌಡ್ ಕೇಂದ್ರಗಳನ್ನು ಇಲ್ಲಿ ತೆರೆದ ಮೇಲೆ ಮುಂಬೈಯಲ್ಲಿ ಒಂದು ಪುಟ್ಟ ಸರ್ವರನ್ನು ತಿಂಗಳ ಬಾಡಿಗೆಗೆ ಹಿಡಿಯುವುದು ನಮ್ಮಂಥವರಿಗೂ ಸಾಧ್ಯವಾಯಿತು. ಅದಕ್ಕೂ ಮುಂಚೆ ನಮಗಿದ್ದ ಆಯ್ಕೆ ದೂರದ ಯುರೋಪು ಇಲ್ಲವೇ ಗೆಳೆಯನ ಮನೆ.

ನಮ್ಮದು ಹದಿನಾಲ್ಕು ಜನರ ಗುಂಪು. ಪುಣೆ, ಹೈದರಾಬಾದ್, ಚೆನ್ನೈ, ಇಬ್ಬರು ಗುರುಗ್ರಾಮದಲ್ಲಿ. ಪ್ರತಿ ಗುರುವಾರ ರಾತ್ರಿ ಒಂಬತ್ತಕ್ಕೆ ಅಸೆಟೊ ಕೊರ್ಸಾ. ಮೂಲ ಆಟದ ಜೊತೆ ಬರುವ ಕಾರು, ಟ್ರ್ಯಾಕುಗಳನ್ನು ಮಾತ್ರ ಬಳಸುವುದು ನಿಯಮ, ಏಕೆಂದರೆ ಗುಂಪಿನಲ್ಲಿ ವಿದ್ಯಾರ್ಥಿಗಳೂ ಇದ್ದಾರೆ. ಅಬಾರ್ಥ್ 500 ಎಂಬ ಆಮೆಯಂಥ ಕಾರಿನಲ್ಲಿ ಹದಿನಾಲ್ಕು ಕನ್ನಡಿಗರು ವಲ್ಲೆಲುಂಗಾದ ಮೊದಲ ತಿರುವಿಗೆ ಒಟ್ಟಿಗೆ ನುಗ್ಗುವುದನ್ನು ಕೇಳಬೇಕು, ನೋಡುವುದಲ್ಲ: ವಾಯ್ಸ್ ಚಾನೆಲ್ಲಿನಲ್ಲಿ ಧಾರವಾಡ, ಮಂಡ್ಯ, ಕುಂದಾಪುರ ಎಲ್ಲ ಬೈಗುಳಗಳೂ ಏಕಕಾಲಕ್ಕೆ. ವಾರವಿಡೀ ಇಂಗ್ಲಿಷು, ಹಿಂದಿ ಮಾತಾಡಿ ದಣಿದ ನಾಲಿಗೆಗೆ ಅದೇ ಒಂದು ಊರು.

ಅಸೆಟೊ ಕೊರ್ಸಾದ ಜೊತೆಯಲ್ಲಿ ಸರ್ವರ್ ಪ್ರೋಗ್ರಾಂ ಕೂಡ ಸಿಗುತ್ತದೆ. ಯಾರು ಬೇಕಾದರೂ ನಡೆಸಬಹುದು. ಎರಡು ವರ್ಷ ಅದನ್ನು ನಡೆಸಿದವರು ಹೈದರಾಬಾದಿನಲ್ಲಿರುವ ಗೆಳೆಯರೊಬ್ಬರು, ಹೊಸಪೇಟೆ ಕಡೆಯವರು. ಒಂದೇ ಕಂಪ್ಯೂಟರಿನಲ್ಲಿ ಸರ್ವರೂ ಅವರ ಆಟವೂ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಇದು ಸುಲಭವಲ್ಲ. ಇಲ್ಲಿ ಎಷ್ಟೋ ಸೇವಾದಾರರು ನೂರಾರು ಮನೆಗಳಿಗೆ ಒಂದೇ ಐಪಿ ವಿಳಾಸ ಹಂಚಿರುತ್ತಾರೆ. ದೊಡ್ಡ ಅಪಾರ್ಟ್‌ಮೆಂಟಿಗೆ ಗೇಟಿನ ವಿಳಾಸ ಮಾತ್ರ ಇದ್ದು ಮನೆ ಸಂಖ್ಯೆ ಇಲ್ಲದಂತೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಹುಡುಕಿಕೊಂಡು ಬರಲಾಗುವುದಿಲ್ಲ. ಇದಕ್ಕಾಗಿ ಅವರು ತಿಂಗಳಿಗೆ ಇಷ್ಟು ಎಂದು ಕೊಟ್ಟು ಸ್ವಂತದ ಸ್ಥಿರ ಐಪಿ ತೆಗೆದುಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ. ಗುರುವಾರ ರಾತ್ರಿ ಅವರ ಮನೆಯಲ್ಲಿ ಯಾರೂ ಸಿನಿಮಾ ಹಾಕುವಂತಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋಗುವುದಿದ್ದರೆ ಶುಕ್ರವಾರ ಬೆಳಗಿನ ಬಸ್ಸು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಎರಡು ವರ್ಷದ ಆನ್-ಕಾಲ್, ಬದಲಿ ಇಲ್ಲ, ಭತ್ಯೆ ಇಲ್ಲ.

ಅವರಿಗೆ ನಮ್ಮಿಂದ ಸಿಗುತ್ತಿದ್ದ ಕೃತಜ್ಞತೆ ಬಹುಪಾಲು ‘ಗುರೂ, ಲ್ಯಾಗ್ ಹೊಡೀತಿದೆ’ ಎಂಬ ರೂಪದ್ದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಾನು ಆ ಗಾದೆಯ ಬಗ್ಗೆ ಸ್ವಲ್ಪ ತಕರಾರು ತೆಗೆಯುತ್ತೇನೆ. ದಟ್ಟಿ ಚಿಕ್ಕದಿದ್ದರೆ ತೊಟ್ಟವನು ಏನು ಮಾಡಬೇಕು? ನಮ್ಮಲ್ಲಿ ಇಬ್ಬರು ಸದ್ದಿಲ್ಲದೆ ಗುಂಪು ಬಿಟ್ಟರು. ಅವರ ಕಾರು ಎಲ್ಲರಿಗೂ ಜಿಗಿಜಿಗಿದು ಕಾಣುತ್ತಿತ್ತು, ತಪ್ಪು ಅವರ ಸಂಪರ್ಕದ್ದೋ ಸರ್ವರಿನದ್ದೋ ಪರೀಕ್ಷಿಸಲು ಯಾರೂ ಇರಲಿಲ್ಲ, ಉಚಿತವಾಗಿ ನಡೆಸುತ್ತಿರುವ ಮನುಷ್ಯನನ್ನು ಗಟ್ಟಿಯಾಗಿ ಕೇಳಲು ಅವರಿಗೆ ಸಂಕೋಚ. ದಾನ ಕೊಟ್ಟವನನ್ನು ಮಾತ್ರವಲ್ಲ, ಪಡೆದವನನ್ನೂ ಕಟ್ಟಿಹಾಕುತ್ತದೆ. ಸಲಿಗೆ ಇದ್ದವನು ಕೂಗಾಡುತ್ತಾನೆ, ಮರ್ಯಾದೆ ಇದ್ದವನು ಬಿಟ್ಟು ಹೋಗುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದದ್ದು ತೀರ್ಪಿನ ವಿಷಯ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ತತ್ವವನ್ನು ನಾವು ಸಾಮಾನ್ಯವಾಗಿ ಅಪ್ರಾಮಾಣಿಕರನ್ನು ತಡೆಯುವ ಬೇಲಿ ಎಂದು ಓದುತ್ತೇವೆ. ಪ್ರಾಮಾಣಿಕರಿಗೆ ಅದು ಏನು ಮಾಡುತ್ತದೆ ಎಂದು ಯೋಚಿಸುವುದಿಲ್ಲ. ಮೊಂಜಾದ ಮೊದಲ ಶಿಕೇನಿನಲ್ಲಿ ನಮ್ಮ ಆತಿಥೇಯರಿಗೂ ಇನ್ನೊಬ್ಬರಿಗೂ ಡಿಕ್ಕಿಯಾಯಿತು. ರಿಪ್ಲೇ ನೋಡಿದರೆ ಐವತ್ತು-ಐವತ್ತು. ಅವರು ತಮಗೆ ತಾವೇ ಹತ್ತು ಸೆಕೆಂಡ್ ದಂಡ ಹಾಕಿಕೊಂಡರು, ಎದುರಿನವರಿಗೆ ಏನೂ ಇಲ್ಲ. ಆಮೇಲೆ ಇದೇ ಅಭ್ಯಾಸವಾಯಿತು. ಪಕ್ಕದಲ್ಲಿ ಯಾರಾದರೂ ಬಂದರೆ ಬ್ರೇಕ್ ಒತ್ತಿ ದಾರಿ ಬಿಡುವುದು, ಸಂದೇಹವಿದ್ದ ಕಡೆ ತಮ್ಮದೇ ತಪ್ಪೆಂದು ಬರೆದುಕೊಳ್ಳುವುದು. ಸರ್ವರಿನ ಒಡೆಯ ಗೆದ್ದ ಎಂದು ಯಾರೂ ಅನ್ನಬಾರದಲ್ಲ! ಎರಡು ವರ್ಷದಲ್ಲಿ ಅವರು ಗೆದ್ದ ರೇಸು ಒಂದೇ ಕೈಬೆರಳಲ್ಲಿ ಎಣಿಸುವಷ್ಟು, ಅಭ್ಯಾಸದ ಸುತ್ತುಗಳಲ್ಲಿ ಮಾತ್ರ ಸದಾ ಮೊದಲ ಮೂರರಲ್ಲಿ. ಮನೆ ಬಾಗಿಲು ತೆರೆದು ಎಲ್ಲರನ್ನೂ ಆಟಕ್ಕೆ ಕರೆದ ಮನುಷ್ಯನಿಗೇ ಆಟ ತಪ್ಪಿಹೋಗಿತ್ತು.

ನಾನು ಬಾಡಿಗೆ ಸರ್ವರಿನ ಪರ ವಾದಿಸಲು ಇದೇ ಕಾರಣ. ವೇಗ, ಸ್ಥಿರತೆ ಎಲ್ಲ ಸರಿ, ಇಂದಿನ ಫೈಬರ್ ಸಂಪರ್ಕದಲ್ಲಿ ಮನೆಯಿಂದಲೂ ಹದಿನಾಲ್ಕು ಕಾರುಗಳನ್ನು ಸಾಕಬಹುದು. ಹಣ ಕೊಟ್ಟು ಕೊಳ್ಳಬೇಕಾದದ್ದು ಯಾರ ಮನೆಯೂ ಅಲ್ಲದ ಒಂದು ಜಾಗವನ್ನು. ಅಲ್ಲಿ ನಮ್ಮ ಗೆಳೆಯರು ಹದಿನಾಲ್ಕರಲ್ಲಿ ಒಬ್ಬರಾಗಿ ಗುದ್ದಬಹುದು, ಗುದ್ದಿಸಿಕೊಳ್ಳಬಹುದು, ಕೂಗಾಡಬಹುದು.

ಲೆಕ್ಕ ಹಾಕಿದಾಗ ಮುಂಬೈಯ ಒಂದು ಸಣ್ಣ ಸರ್ವರಿಗೆ ತಿಂಗಳಿಗೆ ಸುಮಾರು 900 ರೂಪಾಯಿ ಬಂತು. ತಲೆಗೆ 65. ಪುಣೆಯಲ್ಲಿ ಎರಡು ವಡಾಪಾವ್, ಒಂದು ಕಟಿಂಗ್ ಚಹಾ. ಇಷ್ಟಕ್ಕೆ ಮೂರು ವಾರ ಚರ್ಚೆ ನಡೆಯಿತು ಎಂದರೆ ವಿಷಯ 65 ರೂಪಾಯಿಯದ್ದಲ್ಲ ಎಂದು ಗೊತ್ತಾಗುತ್ತದೆ. ವಿರೋಧಿಸಿದವರ ಮಾತು ನನಗೆ ಇವತ್ತಿಗೂ ಹಗುರವಾಗಿ ಕಾಣುವುದಿಲ್ಲ. ಹಣ ಬಂದ ಮೇಲೆ ಗೆಳೆತನ ಗಿರಾಕಿತನವಾಗುತ್ತದೆ ಎಂದರು. ಇದಕ್ಕೆ ಪುರಾವೆಯೂ ಇದೆ. ಗ್ನೀಜಿ ಮತ್ತು ರುಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾದಲ್ಲಿ ಹತ್ತು ಶಿಶುವಿಹಾರಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಗುವನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ಕೆಲವು ಶಿಶುವಿಹಾರಗಳಲ್ಲಿ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚಾದರು. ಮೊದಲು ಟೀಚರಮ್ಮ ಕಾಯುತ್ತಾರಲ್ಲ ಎಂಬ ಅಳುಕಿತ್ತು, ದಂಡ ಬಂದ ಮೇಲೆ ಕಾಯುವುದಕ್ಕೆ ಬೆಲೆ ಕಟ್ಟಿದಂತಾಯಿತು. ದಂಡ ತೆಗೆದ ಮೇಲೂ ಅಳುಕು ವಾಪಸು ಬರಲಿಲ್ಲ. ಅದಕ್ಕೂ ಮುಂಚೆ 1970ರಲ್ಲಿ ರಿಚರ್ಡ್ ಟಿಟ್ಮಸ್ ಬ್ರಿಟನ್ನಿನ ಉಚಿತ ರಕ್ತದಾನವನ್ನೂ ಅಮೆರಿಕದ ಹಣದ ರಕ್ತವನ್ನೂ ಹೋಲಿಸಿ, ಕೊಡುವ ಗುಣದ ಜಾಗಕ್ಕೆ ಮಾರುಕಟ್ಟೆ ಬಂದರೆ ಸಮಾಜ ಏನನ್ನು ಕಳೆದುಕೊಳ್ಳುತ್ತದೆ ಎಂದು ಪುಸ್ತಕವನ್ನೇ ಬರೆದಿದ್ದರು.

ನಮ್ಮಲ್ಲೂ ಹಾಗೇ ಆಯಿತು. ಮೊದಲು ಯಾರಾದರೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹತ್ತು ನಿಮಿಷ ಕಾಯುತ್ತಿದ್ದೆವು. ಹಣ ಹಾಕಿದ ಎರಡನೇ ವಾರ ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಒಬ್ಬರು ಬರೆದರು: ಸರ್ವರ್ ಇನ್ನೂ ಶುರುವಾಗಿಲ್ಲ ಯಾಕೆ, ದುಡ್ಡು ಕೊಟ್ಟಿದ್ದೇವಲ್ಲ. ಆ ‘ಕೊಟ್ಟಿದ್ದೇವಲ್ಲ’ ಎಂಬ ಮಾತು ಕಚೇರಿಯ ಕಾನ್ಫರೆನ್ಸ್ ರೂಮಿನಿಂದ ನೇರವಾಗಿ ಎದ್ದು ಬಂದಂತಿತ್ತು.

ಹೆಚ್ಚು ಕಾಡಿದ್ದು ಪುಣೆಯಲ್ಲಿ ಓದುತ್ತಿರುವ ರಾಯಚೂರಿನ ಹುಡುಗನದ್ದು. ಹಾಸ್ಟೆಲಿನಲ್ಲಿ ಗೇಮ್‌ಪ್ಯಾಡ್ ಹಿಡಿದು ಆಡುವವನು, ಆದರೂ ನಮ್ಮಲ್ಲಿ ಅರ್ಧ ಜನರಿಗಿಂತ ವೇಗ. ನಿನಗೆ ವಿನಾಯಿತಿ ಎಂದೆವು. ಅವನು ಬೇಡ ಎನ್ನಲಿಲ್ಲ, ಮೂರು ಗುರುವಾರ ಬರಲೇ ಇಲ್ಲ. ಅಲ್ಲಿಯವರೆಗೆ ಅವನು ಎಲ್ಲರಂತೆ ಬಿಟ್ಟಿ ಅತಿಥಿಯಾಗಿದ್ದ, ಈಗ ಅವನೊಬ್ಬನೇ ಬಿಟ್ಟಿ. ಎಲ್ಲರಿಗೂ ಉಚಿತವಾದಾಗ ಸಮಾನತೆ ತಾನಾಗಿ ಇತ್ತು. ಶುಲ್ಕ ಬಂದ ಮೇಲೆ ಅದನ್ನು ನಾವು ದಯೆಯಿಂದ ತುಂಬಲು ಹೋದೆವು, ದಯೆ ಅವನಿಗೆ ಚುಚ್ಚಿತು. ಆಮೇಲೆ ಫಲಿತಾಂಶದ ಫೈಲಿನಿಂದ ಅಂಕಪಟ್ಟಿ ತಯಾರಿಸುವ ಸ್ಕ್ರಿಪ್ಟ್ ಒಂದನ್ನು ಬರೆದುಕೊಂಡು ಬಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಣ್ಣ ಅನುಮಾನ: ಒಬ್ಬರ ಬಿಟ್ಟಿ ಚಾಕರಿ ತಪ್ಪಿಸಿ ಇನ್ನೊಬ್ಬನ ಬಿಟ್ಟಿ ಚಾಕರಿ ಶುರು ಮಾಡಿದೆವೇ? ವ್ಯತ್ಯಾಸವಿದ್ದರೆ ಇಷ್ಟು, ಆ ಸ್ಕ್ರಿಪ್ಟನ್ನು ಅವನು ಯಾರಿಗೆ ಬೇಕಾದರೂ ದಾಟಿಸಿ ಕೈತೊಳೆದುಕೊಳ್ಳಬಹುದು. ಹೈದರಾಬಾದಿನವರು ತಮ್ಮ ಮನೆಯನ್ನು ದಾಟಿಸುವಂತಿರಲಿಲ್ಲ.

ಹಣ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಇಲ್ಲ. 2023ರ ಜನವರಿಯಲ್ಲಿ ನಡೆದ ಲೆ ಮಾನ್ ವರ್ಚುವಲ್ 24 ಗಂಟೆಗಳ ರೇಸು ಈ ಲೋಕದ ಬಹಳ ದೊಡ್ಡ ಸಮಾರಂಭ, ನಿಜವಾದ ಫಾರ್ಮುಲಾ ಒನ್ ಚಾಲಕರು ಕೂತಿದ್ದರು. ಸರ್ವರ್ ತೊಂದರೆಯಿಂದ ಎರಡು ಸಲ ಕೆಂಪು ಬಾವುಟ. ಮುಂಚೂಣಿಯಲ್ಲಿದ್ದ ಮ್ಯಾಕ್ಸ್ ವರ್ಸ್ಟಾಪೆನ್ ಅವರ ಕಾರು ಸಂಪರ್ಕ ಕಡಿದು ಹಿಂದೆ ಬಿತ್ತು, ಅವರು ಸಿಟ್ಟಾಗಿ ರೇಸನ್ನೇ ಬಿಟ್ಟರು. ಇದು ಸಂಘಟಕರು ಬೇಕೆಂದು ಮಾಡಿದ್ದಲ್ಲ, ಬಿಡಿ. ಉದ್ದೇಶಪೂರ್ವಕವಾದದ್ದು ಇನ್ನೂ ಗಂಭೀರ. ಯುಬಿಸಾಫ್ಟ್‌ನ ದಿ ಕ್ರೂ ಎಂಬ ಕಾರಿನ ಆಟ 2014ರಲ್ಲಿ ಬಂತು. ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಹಣ ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಡಬ್ಬಿ. ಇದರಿಂದ ಕೆರಳಿ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಶುರು ಮಾಡಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಆಂದೋಲನಕ್ಕೆ ಯುರೋಪಿನಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಸಹಿ ಬಿದ್ದವು. ಅವರು ಉಚಿತ ಸರ್ವರ್ ಕೇಳುತ್ತಿಲ್ಲ. ಕಂಪನಿ ಅಂಗಡಿ ಮುಚ್ಚುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಲಿ ಎಂಬುದಷ್ಟೇ ಬೇಡಿಕೆ.

ಇಲ್ಲಿ ಬಾಡಿಗೆ ಎಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳು ಅಡಗಿವೆ. ನಮ್ಮ ಮುಂಬೈ ಸರ್ವರಿನಲ್ಲಿ ಬಾಡಿಗೆಗೆ ಹಿಡಿದದ್ದು ಯಂತ್ರವನ್ನು. ಅದರೊಳಗಿನ ಪ್ರೋಗ್ರಾಂ ನಮ್ಮದು, ನಾಳೆ ಬೇರೆ ಕಡೆ ಎತ್ತಿಕೊಂಡು ಹೋಗಬಹುದು, ಬೇಕಾದರೆ ಮತ್ತೆ ಹೈದರಾಬಾದಿಗೇ. ಕಂಪನಿಯ ಸರ್ವರ್ ಮಾತ್ರವೇ ಇರುವ ಆಟದಲ್ಲಿ ಬಾಡಿಗೆಗೆ ಹಿಡಿದದ್ದು ಆಡುವ ಅನುಮತಿಯನ್ನು. ಐರೇಸಿಂಗ್‌ನವರು ಇದುವರೆಗೆ ಅಚ್ಚುಕಟ್ಟಾಗಿ ನಡೆಸಿದ್ದಾರೆ, ಹಣಕ್ಕೆ ತಕ್ಕ ರೇಸ್ ಸಿಗುತ್ತದೆ, ನನಗೆ ಅವರ ಮೇಲೆ ದೂರಿಲ್ಲ. ಆದರೆ ಹದಿನಾಲ್ಕು ಜನರ ಗುರುವಾರ ರಾತ್ರಿಯನ್ನು ಅಲ್ಲಿಗೆ ಒಯ್ಯೋಣ ಎಂದು ಒಬ್ಬರು ಸೂಚಿಸಿದಾಗ ನಾನು ಒಪ್ಪಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರುಗಳಲ್ಲಿ ‘ಬಸ್ ಫ್ಯಾಕ್ಟರ್’ ಎಂಬ ಕ್ರೂರ ಮಾತೊಂದಿದೆ: ಎಷ್ಟು ಜನ ಬಸ್ಸಿನಡಿ ಬಿದ್ದರೆ ಈ ಪ್ರಾಜೆಕ್ಟ್ ನಿಂತುಹೋಗುತ್ತದೆ? ಗೆಳೆಯರ ಮನೆಯ ಸರ್ವರಿಗೆ ಉತ್ತರ ಒಂದು. ಕಂಪನಿಯ ಸರ್ವರಿಗೂ ಉತ್ತರ ಒಂದೇ, ಆ ಒಂದು ನಮಗಿಂತ ಬಹಳ ದೊಡ್ಡದು, ಅಷ್ಟೇ.

ಹಾಗಾಗಿ ಈಗ ಹೀಗೆ ನಡೆಸುತ್ತಿದ್ದೇವೆ. ಹಣ ಒಬ್ಬರ ಬಳಿ ಸೇರುತ್ತದೆ, ಯಾರು ಎಷ್ಟು ಹಾಕಿದರು ಎಂಬುದು ಅವರೊಬ್ಬರಿಗೇ ಗೊತ್ತು. ರಾಯಚೂರಿನ ಹುಡುಗ ಹಾಕುತ್ತಾನೋ ಇಲ್ಲವೋ ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಹಣ ಸೇರಿಸುವವರು ಡಿಕ್ಕಿಗಳ ತೀರ್ಪು ಕೊಡುವಂತಿಲ್ಲ. ತೀರ್ಪಿಗೆ ಪ್ರತಿ ವಾರ ಒಬ್ಬರು ಸರದಿಯಂತೆ ರೇಸ್ ಬಿಟ್ಟು ಕೂರುತ್ತಾರೆ. ಇದನ್ನು ಯಾರೂ ಇಷ್ಟಪಡುವುದಿಲ್ಲ, ನಾನಂತೂ ಇಲ್ಲ. ಸರ್ವರಿನ ಸೆಟ್ಟಿಂಗ್ ಫೈಲುಗಳ ಪ್ರತಿ ಮೂರು ಊರುಗಳಲ್ಲಿವೆ. ಹತ್ತು ನಿಮಿಷ ಕಾಯುವ ಪದ್ಧತಿಯನ್ನು ನಿಯಮವೆಂದೇ ಬರೆದಿಟ್ಟೆವು. ಬರೆದಿಟ್ಟ ಮೇಲೆ ಅದು ಮೊದಲಿನಂತಿಲ್ಲ, ಹನ್ನೊಂದನೇ ನಿಮಿಷಕ್ಕೆ ಯಾರೂ ಕಾಯುವುದಿಲ್ಲ. ವಿರೋಧಿಸಿದ್ದವರು ಹೇಳಿದ ನಷ್ಟದಲ್ಲಿ ಈ ಒಂದು ಭಾಗ ನಮಗೆ ತಟ್ಟಿಯೇ ತಟ್ಟಿತು.

ಹೈದರಾಬಾದಿನ ಗೆಳೆಯರು ಸ್ಥಿರ ಐಪಿ ರದ್ದು ಮಾಡಿಸಿದ್ದಾರೆ. ಕಳೆದ ತಿಂಗಳು ಮುಜೆಲ್ಲೊದಲ್ಲಿ ಕೊನೆಯ ಸುತ್ತಿನಲ್ಲಿ ನನ್ನ ಒಳಬದಿಗೆ ಮೂಗು ತೂರಿಸಿ, ನನ್ನನ್ನು ಜಲ್ಲಿಗೆ ತಳ್ಳಿ ಎರಡನೆಯವರಾಗಿ ಬಂದರು. ನಾನು ದೂರು ಕೊಟ್ಟೆ, ಅವರು ರಿಪ್ಲೇ ಹಾಕಿ ಅರ್ಧ ಗಂಟೆ ವಾದಿಸಿದರು. ಆ ವಾರ ತೀರ್ಪಿಗೆ ಕೂತಿದ್ದ ಚೆನ್ನೈಯವರು ಅವರಿಗೆ ಐದು ಸೆಕೆಂಡ್ ದಂಡ ಹಾಕಿದರು. ಅನ್ಯಾಯ ಎಂದು ಅವರು ಇನ್ನೂ ಹೇಳುತ್ತಿದ್ದಾರೆ.